ಇನ್ನೂರ ಹದಿಮೂರನೆಯ ಅಭಿಪ್ರಾಯ

ಐವತ್ತೆಂಟು ತುಂಬುವವರೆಗೂ ಬಿಳಿಗೆರೆಯ ವಿಮಲಮ್ಮನಿಗೆ ತಾನು ಯಾರನ್ನಾದರೂ ಹೆದರಿಸಬಲ್ಲೆ ಎಂಬ ಅಂದಾಜೇ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳಿಗೆ ಪತ್ತೇದಾರಿ ಕಥೆಗಳ ಹುಚ್ಚು. ಒಲೆಯ ಮೇಲೆ ಸಾರು ಉಕ್ಕಿದರೂ ಕೊಲೆಗಾರ ಸಿಕ್ಕುವ ತನಕ ಪುಸ್ತಕ ಕೆಳಗಿಡುತ್ತಿರಲಿಲ್ಲ. ಕಳೆದ ಯುಗಾದಿಗೆ ಸೊಸೆ ಇಂಪನಾ ಮೊಬೈಲಿಗೆ ಕಥೆ ಓದುವ ಆ್ಯಪ್ ಹಾಕಿಕೊಟ್ಟಳು. ಮೂರು ತಿಂಗಳು ಓದಿದ ಮೇಲೆ ಇಷ್ಟನ್ನು ನಾನೂ ಬರೆದೇನು ಅನ್ನಿಸಿ, ಬರೆದೇಬಿಟ್ಟಳು.

ಹತ್ತು ನಿಮಿಷದ ಕಥೆ. ಕೊಬ್ಬರಿ ಬೆಳೆಗಾರರೊಬ್ಬರ ಮನೆಗೆ ಫೋನು ಬರುತ್ತದೆ: ನಿಮ್ಮ ಅಟ್ಟದ ಮೇಲಿನ ಹತ್ತು ಸಾವಿರ ಕಾಯಿಗಳಲ್ಲಿ ಒಂದರೊಳಗೆ ಬಾಂಬ್ ಇದೆ, ಸಂಜೆ ಐದಕ್ಕೆ ಸಿಡಿಯುತ್ತದೆ. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿ ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಲೊಡಲೊಡ ಎನ್ನುತ್ತದೆ. ಪತ್ತೇದಾರ ಒಂದೊಂದೇ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸುತ್ತಾ ಸದ್ದು ಮಾಡದ ಕಾಯಿ ಹುಡುಕುತ್ತಾನೆ. ಬಾಂಬನ್ನು ಅಲ್ಲಾಡಿಸಬಾರದು ಎಂಬುದು ಅವನಿಗೂ ಹೊಳೆಯಲಿಲ್ಲ, ಬರೆದವಳಿಗೂ ಹೊಳೆಯಲಿಲ್ಲ. ಕೊನೆಗೆ ನೋಡಿದರೆ ಬಾಂಬ್ ಇಟ್ಟವಳು ಆ ಮನೆಯ ಅಂಗಳದಲ್ಲಿ ಕೂತು ಚಿಪ್ಪು ಒಡೆದು ಕೊಬ್ಬರಿ ಬಿಡಿಸುವ, ಎಡಗಾಲು ಎಳೆದು ನಡೆಯುವ ಹೆಂಗಸು.

ಓದುಗರು ಮುಗಿಬಿದ್ದರು. "ಮೈ ಜುಂ ಅಂತು ಮೇಡಂ." "ಚಿಪ್ಪು ಒಡೆಯುವವಳ ಮೇಲೆ ಅನುಮಾನವೇ ಬರಲಿಲ್ಲ." "ಕೊನೆಯ ತಿರುವು ಅದ್ಭುತ, ಇನ್ನೂ ಉದ್ದ ಬರೆಯಬಹುದಿತ್ತು." ಒಬ್ಬರು ಮಾತ್ರ ಬಾಂಬಿನ ತೂಕದ ಬಗ್ಗೆ ತಕರಾರು ತೆಗೆದಿದ್ದರು, ಅವರಿಗೆ ಉಳಿದವರೇ ಉತ್ತರ ಕೊಟ್ಟರು. ಹದಿನೈದು ದಿನದಲ್ಲಿ ಇನ್ನೂರ ಹನ್ನೆರಡು ಅಭಿಪ್ರಾಯ ಬಂದವು. ವಿಮಲಮ್ಮ ಎಲ್ಲವನ್ನೂ ಎರಡೆರಡು ಸಲ ಓದಿಕೊಂಡಳು.

ಎಡವಟ್ಟು ಮಾಡಿದ್ದು ಗಂಡ ರೇವಣಸಿದ್ದಯ್ಯ. ಅಂಗಳದಲ್ಲಿ ನಿಂತು, "ನಮ್ಮನೆಯೋಳು ಕಥೆ ಬರ್ದವ್ಳೆ ಕಣಮ್ಮ ಕಾಳಕ್ಕ. ಕೊಬ್ರಿ ಬಿಡ್ಸೋಳೇ ಬಾಂಬ್ ಇಟ್ಟಿದ್ದಂತೆ" ಎಂದು ಹೆಮ್ಮೆಯಿಂದ ಸಾರಿ, ಪೇಟೆಗೆ ಹೊರಟುಹೋದ.

ಕಾಳಕ್ಕ ಊರಾಚೆಯ ಹಟ್ಟಿಯಿಂದ ದಿನಾ ಬಂದು ಇಪ್ಪತ್ತಾರು ವರ್ಷದಿಂದ ಆ ಅಂಗಳದಲ್ಲಿ ಚಿಪ್ಪು ಒಡೆಯುತ್ತಿದ್ದವಳು. ಎಡಗಾಲು ಎಳೆಯುತ್ತಿದ್ದವಳು ಅವಳೇ. ಓದಲು ಬಾರದು, ಆದರೆ ವಿಮಲಮ್ಮ ಓದಿ ಹೇಳಿದ ಪತ್ತೇದಾರಿ ಕಥೆಗಳಲ್ಲಿ ಅರ್ಧಕ್ಕರ್ಧದ ಕೊಲೆಗಾರನನ್ನು ಮೊದಲೇ ಹಿಡಿದವಳು.

"ಓದಿ, ಕೇಳನ" ಎಂದಳು.

ವಿಮಲಮ್ಮ ಮೊಬೈಲು ತಂದಳು. ಜಗಲಿಯ ಮೇಲೆ ಕೂತು ಓದತೊಡಗಿದಳು. ಎಡಗಾಲಿನ ಸಾಲು ಬಂದಾಗ ಅದನ್ನು ಹಾರಿಸಿಬಿಡೋಣ ಅನ್ನಿಸಿತು. ಹಾರಿಸಲಿಲ್ಲ. ನಾಳೆಯಿಂದ ಕಾಳಕ್ಕ ಬರದೇ ಹೋದರೆ ಆ ಇನ್ನೂರ ಹನ್ನೆರಡು ಜನರನ್ನು ಕಟ್ಟಿಕೊಂಡು ತಾನೇನು ಮಾಡಲಿ ಎಂದು ಅವಳಿಗೆ ನಿಜವಾಗಿ ಭಯವಾಯಿತು. ಕಾಳಕ್ಕನ ಮಚ್ಚು ಮಾತ್ರ ನಿಲ್ಲದೆ ಚಿಪ್ಪು ಒಡೆಯುತ್ತಿತ್ತು.

ಓದು ಮುಗಿದ ಮೇಲೆ ಕಾಳಕ್ಕ ಕೈಯಲ್ಲಿದ್ದ ಉಂಡೆ ಕೊಬ್ಬರಿಯನ್ನು ಪಕ್ಕದ ಬಿದಿರು ಮಂಕರಿಗೆ ಹಾಕಿದಳು.

"ಅವ್ಳು ಇಟ್ಟಿಲ್ಲ" ಎಂದಳು.

"ಕಥೆ ಕಣೇ ಅದು. ನಿನ್ನ ಕಾಲು ಸುಮ್ನೆ..."

"ಕಾಲು ಬುಡಿ. ಅಟ್ಟಕ್ಕೆ ಎಲ್ಲಿಂದ ಹತ್ತಿದ್ಲು ಅವ್ಳು?"

"ಎಲ್ಲಿಂದ ಅಂದ್ರೆ, ಏಣಿಯಿಂದ."

"ಏಣಿ ಎಲ್ಲೈತೆ?"

ವಿಮಲಮ್ಮ ಒಳಗೆ ತಿರುಗಿ ನೋಡಿದಳು. ಕಥೆಯಲ್ಲೂ ಈ ಮನೆಯಲ್ಲೂ ಏಣಿ ಇದ್ದದ್ದು ದೇವರಮನೆಯ ಪಕ್ಕ, ನಡುಮನೆ ದಾಟಿ. ಕಾಯಿ ಏರಿಸುವುದು ಹೊರಗೋಡೆಯ ಕಿಂಡಿಗೆ ಹಗ್ಗ ಕಟ್ಟಿ. ಇಳಿಸುವುದೆಂದರೆ ಅಟ್ಟ ಹತ್ತಿದ ಮನೆಯವರು ಅದೇ ಕಿಂಡಿಯಿಂದ ಅಂಗಳಕ್ಕೆ ಉರುಳಿಸುವುದು. ಅತ್ತೆಯ ಕಾಲದಿಂದ ಹಾಗೇ. ಹಟ್ಟಿಯವರಿಗೆ ನೀರು, ಊಟ, ಕೂಲಿ, ಎಲ್ಲವೂ ಜಗಲಿಯ ಕೆಳಗೆ.

"ಇಪ್ಪತ್ತಾರು ವರ್ಸ ಆಯ್ತು. ಒಂದ್ ದಿನ ನಿಮ್ಮ ಹೊಸ್ಲು ದಾಟಿದೀನಾ? ಅಟ್ಟ ಹೆಂಗೈತೆ ಅಂತಾನೇ ನಂಗೊತ್ತಿಲ್ಲ. ಬಾಂಬ್ ಇಟ್ಟೋರು ಮನೆಯೋರೇ ಯಾರೋ. ನಿಮ್ಮ ಪತ್ತೇದಾರ ದಡ್ಡ ಕಣ್ರೀ." ದನಿಯಲ್ಲಿ ಕೋಪವಿರಲಿಲ್ಲ. ಬೇರೆ ಕಥೆಗಳ ಕೊಲೆಗಾರರನ್ನು ಹಿಡಿದಾಗಿನ ದನಿಯೇ ಅದು. "ಓದ್ದೋರು ಇದ ಹೇಳ್ಲಿಲ್ವಾ?"

"ಯಾರೂ ಹೇಳ್ಲಿಲ್ಲ."

"ಹಂಗಾರೆ ನೀವೇ ಬರೀರಿ, ಕಾಳಕ್ಕ ಅನ್ನೋಳು ಹಿಂಗಂದ್ಲು ಅಂತ."

ನಾಚಿಕೆಯಿಂದ ವಿಮಲಮ್ಮನ ಕಿವಿ ಬಿಸಿಯಾಗಿತ್ತು. ಕಾಳಕ್ಕ ಹೇಳಿದಂತೆಯೇ, ಕೊನೆಯಲ್ಲಿ 'ಪತ್ತೇದಾರ ದಡ್ಡ' ಎಂಬುದನ್ನೂ ಸೇರಿಸಿ ಟೈಪು ಮಾಡಿ ಕಥೆಯ ಕೆಳಗೆ ಹಾಕಿದಳು. ಆಮೇಲೆ ಎದ್ದು, ಬಾಗಿಲು ಬಿಟ್ಟು ಪಕ್ಕಕ್ಕೆ ನಿಂತಳು.

"ಬಾ ಕಾಳಕ್ಕ ಒಳಕ್ಕೆ. ಅಟ್ಟ ನೋಡುವಂತೆ."

ಕಾಳಕ್ಕ ಬಾಗಿಲ ಕಡೆ ನೋಡಿದಳು. ಆಮೇಲೆ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ನೀಳವಾಗಿ ಚಾಚಿಕೊಂಡಳು.

"ಈ ಕಾಲು ಏಣಿ ಹತ್ತೋ ಕಾಲದಾಗೆ ಕರೀಬೇಕಿತ್ತು" ಎಂದಳು. "ಓಗಿ, ನಾಕು ಕಾಯಿ ಉರುಳ್ಸಿ. ಮಧ್ಯಾಹ್ನಕ್ಕೆ ಸುಲಿಯೋರು ಬತ್ತಾರೆ."

ವಿಮಲಮ್ಮ ಒಬ್ಬಳೇ ಒಳಗೆ ಹೋಗಿ ಏಣಿ ಹತ್ತಿದಳು.