ಮೆತ್ತಗೈ ಕಟ್ಟಿದ ಮಿಲಿಟರಿ ಲಾರಿ

ಅವನಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು, ಆದರೆ ಅದನ್ನು ಕರೆಯುವವರೇ ಇರಲಿಲ್ಲ. ಬೀದಿಗೆಲ್ಲ ಅವನು ಮೆತ್ತಗೈ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಕುರ್ಚಿಯ ಕಟಿಂಗ್ ಶಾಪ್ ಇಟ್ಟಿದ್ದ. ಕೆನ್ನೆಯ ಮೇಲೆ ಕತ್ತಿ ಓಡುತ್ತಿದೆಯೋ ಗಾಳಿ ಬೀಸುತ್ತಿದೆಯೋ ಗೊತ್ತಾಗದ ಹಾಗೆ ಶೇವಿಂಗ್ ಮಾಡುತ್ತಿದ್ದ, ಹಾಗಾಗಿ ಬಂದ ಹೆಸರು. ಮಾತು ಮಾತ್ರ ಮೆತ್ತಗಿರಲಿಲ್ಲ. ಗಿರಾಕಿಯ ಮುಖಕ್ಕೆಲ್ಲ ನೊರೆ ಬಳಿದಾದ ಮೇಲೆಯೇ ರಾಜಕೀಯ ಶುರುಮಾಡುತ್ತಿದ್ದ. ಆಗ ಎದುರುತ್ತರದ ಭಯವಿರುವುದಿಲ್ಲವಲ್ಲ!

ಇಂಥವನು ಒಂದು ಬೆಳಿಗ್ಗೆ ಟ್ಯೂಬ್‌ಲೈಟ್ ಬದಲಿಸಲು ಅಂಗಡಿಯ ತಿರುಗುವ ಕುರ್ಚಿ ಹತ್ತಿ ನಿಂತ. ಕುರ್ಚಿ ತನ್ನ ಧರ್ಮ ಬಿಡಲಿಲ್ಲ, ತಿರುಗಿತು. ಇವನು ಬಲಗೈ ಊರಿ ನೆಲಕ್ಕೆ ಬಿದ್ದ. ಮಣಿಕಟ್ಟು ಮುರಿಯಿತು.

ಮೂಳೆ ಕೂಡಿತು, ಕಟ್ಟು ಬಿಚ್ಚಿದರು, ಆದರೆ ಬೆರಳುಗಳು ಮಾತು ಕೇಳಲಿಲ್ಲ. ಹೆಬ್ಬೆರಳು ಮರದ ತುಂಡಿನ ಹಾಗೆ ಸೆಟೆದು ನಿಂತಿತ್ತು. ಪರೀಕ್ಷೆ ಮಾಡೋಣವೆಂದು ಮನೆಯಲ್ಲೇ ಒಂದು ಬಲೂನು ಊದಿ, ನೊರೆ ಹಚ್ಚಿ, ಕತ್ತಿ ಆಡಿಸಿದ. ಹೊಸದಾಗಿ ಕೆಲಸ ಕಲಿಯುವವರು ಕೈ ಪಳಗಿಸುವುದು ಹೀಗೆಯೇ. ಬಲೂನು ಢಂ ಅಂತು. ನೊರೆಯೆಲ್ಲ ಅವನ ಮುಖಕ್ಕೇ ಹಾರಿತು.

ಮುಂದಿನ ಕೋಣೆಯಲ್ಲಿ ಬೀದಿಯವರ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಹೆಂಡತಿ ಓಡಿ ಬಂದಳು. ನೋಡಿ, ನೆಮ್ಮದಿಯ ಉಸಿರು ಬಿಟ್ಟಳು. "ಸದ್ಯ, ಬಲೂನು. ನಾನು ಇನ್ಯಾರದ್ದೋ ಕುತ್ತಿಗೆ ಅಂದ್ಕೊಂಡೆ."

ಬೇರೆ ದಿನವಾಗಿದ್ದರೆ ಅವನು ಒಂದಕ್ಕೆ ಎರಡು ಹೇಳುತ್ತಿದ್ದ. ಅವತ್ತು ನೊರೆಯನ್ನೂ ಒರೆಸಿಕೊಳ್ಳದೆ ಕೂತ. "ಕ್ಷೌರ ಮಾಡೋನಿಗೆ ಕೈ ಹೋದ್ರೆ ಇನ್ನೇನು ಉಳೀತು ಹೇಳು? ಬರೀ ಬಾಯಿ."

ಆಸ್ಪತ್ರೆಯಲ್ಲಿ ಬೆರಳಿನ ವ್ಯಾಯಾಮ ಹೇಳಿಕೊಡುವಾಕೆ ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಹಿಚುಕಲು ಹೇಳಿದ್ದಳು. ಅದು ಬೇಸರವೆಂದು ಅವನು ಮುಂದಿನ ಸಲ ಹೋದಾಗ ಹೇಳಿದ. "ಹಾಗಾದ್ರೆ ಸಣ್ಣ ಸಣ್ಣ ಕೆಲಸ ಏನಾದ್ರೂ ಮಾಡಿ, ಮಣಿ ಪೋಣಿಸಿ" ಎಂದಳು. ಮಣಿ ಪೋಣಿಸುವ ಮಾತಿಗೆ ಅವನ ಮೀಸೆ ಕುಣಿದ ರೀತಿ ನೋಡಿ, ಜೊತೆಗೆ ಹೋಗಿದ್ದ ಮಗಳು ನಗು ತಡೆದುಕೊಂಡಳು. ಅವಳು ಆಟದ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಅವತ್ತು ಸಂಜೆ ಮೂಲೆ ನಜ್ಜಾಗಿ ಯಾರೂ ಕೊಳ್ಳದೆ ಉಳಿದಿದ್ದ ಡಬ್ಬವೊಂದನ್ನು ತಂದು ಅಪ್ಪನ ಮುಂದಿಟ್ಟಳು. ಮೇಲೆ ಒಂದು ಚಿತ್ರ: ಹಳೇ ಮಹಾಯುದ್ಧದ ಕಾಲದ ಮಿಲಿಟರಿ ಲಾರಿ, ಉದ್ದ ಮೂತಿ, ಹಿಂದೆ ಬಟ್ಟೆಯ ಹೊದಿಕೆ, ಕೆಸರಿನಲ್ಲಿ ಮುಳುಗಿದ ಚಕ್ರ. ಒಳಗೆ ಲಾರಿ ಇರಲಿಲ್ಲ. ಹಸಿರು ಪ್ಲಾಸ್ಟಿಕ್ಕಿನ ಚೌಕಟ್ಟುಗಳಿಗೆ ಅಂಟಿಕೊಂಡು ನೂರಾರು ಚೂರುಗಳಿದ್ದವು.

"ಇದು ಮಕ್ಕಳಾಟ" ಎಂದ ಮೆತ್ತಗೈ.

"ಮಕ್ಕಳ ಕೈಲಿ ಆಗೋದಿಲ್ಲಪ್ಪ. ಅದಕ್ಕೇ ಮಾರಾಟ ಆಗಿಲ್ಲ."

ಅಷ್ಟು ಸಾಕಾಯಿತು. ಮರುದಿನ ಕಿಟಕಿಯ ಪಕ್ಕ ಮೇಜು ಎಳೆದುಕೊಂಡು ಕೂತ. ಉಪಕರಣಕ್ಕೆ ಬರವಿರಲಿಲ್ಲ. ಚೂರು ಕತ್ತರಿಸಲು ನೇಲ್ ಕಟರ್, ಹಿಡಿಯಲು ಮೀಸೆಯ ಬಿಳಿಕೂದಲು ಕೀಳುವ ಚಿಮುಟ, ಅಂಚು ಹೆರೆಯಲು ಹಳೇ ಬ್ಲೇಡು. ಮೊದಲು ಉದ್ದದ ಅಡಿಕಟ್ಟು, ಅದಕ್ಕೆ ಅಡ್ಡಪಟ್ಟಿ, ಆಮೇಲೆ ಚಕ್ರ ಸಿಕ್ಕಿಸುವ ಆಕ್ಸಲ್ಲು. ಒಂದು ಚೂರು ಕೂರಿಸುವುದರೊಳಗೆ ಬೆವರಿಳಿಯುತ್ತಿತ್ತು. ಗೋಂದು ಲಾರಿಗಿಂತ ಹೆಚ್ಚಾಗಿ ಬೆರಳಿಗೇ ಹತ್ತಿತು. ಜೀರಿಗೆ ಕಾಳಿನಷ್ಟಿದ್ದ ಬಾಗಿಲಿನ ಹಿಡಿಯೊಂದು ಚಿಮುಟದಿಂದ ಚಿಮ್ಮಿ ಇಸ್ತ್ರಿಗೆ ಬಂದಿದ್ದ ಯಾರದೋ ಶರ್ಟಿನ ಜೇಬು ಸೇರಿತು. ಬೆರಳಿನ ಅಚ್ಚು ಬಿದ್ದು ಮುಂಗಾಜು ಮಬ್ಬಾಯಿತು.

ನಾಲ್ಕು ಚಕ್ರ ಕೂರಿಸಿ ಮೇಜಿನ ಮೇಲೆ ಇಟ್ಟಾಗ ಲಾರಿ ಮೂರೇ ಚಕ್ರದ ಮೇಲೆ ನಿಂತಿತು. ನಾಲ್ಕನೆಯದು ಮೂತ್ರಕ್ಕೆ ಕಾಲೆತ್ತಿದ ನಾಯಿಯ ಹಾಗೆ ಗಾಳಿಯಲ್ಲಿತ್ತು. ಅವನ ಪಿತ್ತ ನೆತ್ತಿಗೇರಿತು. ಎಲ್ಲವನ್ನೂ ಡಬ್ಬಕ್ಕೆ ತುಂಬಿ ಮಂಚದಡಿ ತಳ್ಳಿದ.

ಅದನ್ನು ಮತ್ತೆ ಹೊರಗೆ ಎಳೆದವನು ಬಾಮೈದ. ಹೆಂಡತಿಯ ಈ ತಮ್ಮ ಲಾರಿ ಓಡಿಸುತ್ತಿದ್ದ. ಭಾವನ ಕೈ ಮುರಿದ ದಿನವೇ ಅವನು "ನನ್ನ ಗಡ್ಡಕ್ಕೆ ಇನ್ನೊಬ್ಬರ ಕತ್ತಿ ತಾಗಬಾರದು" ಎಂದು ಆಣೆ ಹಾಕಿದ್ದ. ಗಡ್ಡ ಈಗ ಎದೆ ಮುಟ್ಟಿತ್ತು. ಸ್ಟಿಯರಿಂಗಿಗೆ ಸಿಕ್ಕಿಕೊಳ್ಳುತ್ತದೆಂದು ಅದಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿಕೊಂಡು ತಿರುಗುತ್ತಿದ್ದ. ಲಾರಿ ಮಾಲೀಕ ಅವನನ್ನು ಸ್ವಾಮೀಜಿ ಎಂದೇ ಕರೆಯುತ್ತಿದ್ದ.

ಬಾಮೈದ ಕುಂಟು ಲಾರಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ. "ಭಾವ, ಚಕ್ರದ್ದಲ್ಲ ತಪ್ಪು. ಅಡಿಕಟ್ಟು ಸೊಟ್ಟ ಕೂತಿದೆ. ಬಿಚ್ಚಿ ಕಟ್ಟಬೇಕು."

"ನನ್ನಿಂದ ಆಗಲ್ಲ ಮಾರಾಯ. ನೀನು ಬೇರೆ ಅಂಗಡಿಗೆ ಹೋಗಿ ಬೋಳಿಸಿಕೋ. ನನ್ನ ನಂಬಿಕೊಂಡು ಕೂತ್ರೆ ಗಡ್ಡ ನೆಲ ಗುಡಿಸುತ್ತೆ."

"ಗುಡಿಸಲಿ ಬಿಡಿ. ಅಕ್ಕನಿಗೆ ಪೊರಕೆ ಖರ್ಚು ಉಳೀತದೆ."

ಮೆತ್ತಗೈಗೆ ನಗು ಬಂತು, ಕಣ್ಣೂ ತುಂಬಿತು. ಎರಡನ್ನೂ ಮರೆಮಾಡಲು ಬ್ಲೇಡು ಹುಡುಕುವ ನೆಪದಲ್ಲಿ ಎದ್ದ.

ಅಂಟು ಬಿಡಿಸಿ ಅಡಿಕಟ್ಟನ್ನು ಮತ್ತೆ ಜೋಡಿಸುವಾಗಲೇ ಅವನಿಗೊಂದು ವಿಷಯ ಹೊಳೆಯಿತು. ಇಷ್ಟು ದಿನ ಕೈಯನ್ನು ಗಾಳಿಯಲ್ಲಿ ತೇಲಿಸಿಕೊಂಡು ಕೆಲಸ ಮಾಡುತ್ತಿದ್ದ, ಮೊದಲಿನ ಹಾಗೆ. ಈಗ ಮೊಣಕೈಯನ್ನು ಮೇಜಿಗೆ ಊರಿ, ಕಿರುಬೆರಳನ್ನು ಲಾರಿಯ ಮೇಲೆಯೇ ಆನಿಸಿದರೆ ಕೈ ಅಳ್ಳಾಡುವುದು ಅರ್ಧ ನಿಲ್ಲುತ್ತಿತ್ತು. ಸೆಟೆದ ಹೆಬ್ಬೆರಳಿಗೆ ಕೆಲಸ ಕೊಡದೆ, ತೋರುಬೆರಳು ಮತ್ತು ನಡುಬೆರಳಿನ ನಡುವೆ ಚಿಮುಟ ಹಿಡಿಯಬಹುದಿತ್ತು. ನಾಲ್ಕೂ ಚಕ್ರ ಮೇಜು ಮುಟ್ಟಿದ ದಿನ ಅವನು ಮನೆಮಂದಿಯನ್ನೆಲ್ಲ ಕರೆದು, ಚಕ್ರದಡಿ ಕಾಗದ ತೂರಿಸಿ ನೋಡಿ ಎಂದ. ಕಾಗದ ತೂರಲಿಲ್ಲ. ಆಮೇಲೆ ಕೆಲಸ ಓಟ ಹಿಡಿಯಿತು.

ಡಬ್ಬದೊಳಗಿದ್ದ ಪ್ಲಾಸ್ಟಿಕ್ ಹೊದಿಕೆ ಅವನಿಗೆ ಹಿಡಿಸಲಿಲ್ಲ. ತನ್ನದೇ ಕರ್ಚೀಫು ಕತ್ತರಿಸಿ, ತೆಳು ಗೋಂದಿನಲ್ಲಿ ಅದ್ದಿ ಹೊದಿಸುವುದೆಂದು ತೀರ್ಮಾನಿಸಿ, ಮೊದಲು ಇಸ್ತ್ರಿ ಮಾಡಿಕೊಡು ಎಂದು ಹೆಂಡತಿಗೆ ಕೊಟ್ಟ.

"ಯುದ್ಧಕ್ಕೆ ಹೋಗೋ ಲಾರಿಗೆ ಇಸ್ತ್ರಿ ಯಾಕ್ರೀ?" ಎಂದಳು ಅವಳು. "ಅದೇನು ಮದುವೆಗೆ ಹೊರಟಿದೆಯಾ?" ಬಟ್ಟೆಯನ್ನು ಗೋಂದಿನಲ್ಲಿ ಅದ್ದಿ, ಅಂಗೈಯಲ್ಲಿ ಮುದುರಿ, ಹಿಂಡಿ, ತಾನೇ ಲಾರಿಯ ಕಮಾನುಗಳ ಮೇಲೆ ಹೊದಿಸಿದಳು. ಸುಕ್ಕು ಎಷ್ಟು ಸರಿಯಾಗಿ ಬಿತ್ತೆಂದರೆ, ಮಳೆಯಲ್ಲಿ ನೆನೆದು ಬಂದ ಲಾರಿಯ ಹಾಗೇ ಕಂಡಿತು. ಚಕ್ರದ ಕೆಸರಿಗೂ ಅವಳದೇ ಉಪಾಯ: ಒಣಗಿದ ಚಹಾಪುಡಿ ಮತ್ತು ಗೋಂದು. ಕೊನೆಗೆ ಬಾಗಿಲ ಮೇಲಿನ ಬಿಳಿ ಅಂಕಿಗಳು ಉಳಿದವು. ನೀರಲ್ಲಿ ನೆನೆಸಿ ಜಾರಿಸಿ ಕೂರಿಸಬೇಕಾದ, ಈರುಳ್ಳಿ ಪೊರೆಯಷ್ಟು ತೆಳುವಾದ ಚೀಟಿಗಳು. ಮೆತ್ತಗೈ ಉಸಿರು ಹಿಡಿದು ಕೂರಿಸಿದ. ಒಂದೂ ಹರಿಯಲಿಲ್ಲ.

ಅವನು ಲಾರಿಯನ್ನು ನೋಡುತ್ತಾ ಕೂರಲಿಲ್ಲ. ಎದ್ದು ಹೋಗಿ ಬಲೂನು ಊದಿದ. ಮನೆಯವರೆಲ್ಲ ಬಾಗಿಲಲ್ಲಿ ನಿಂತರು. ಕಿರುಬೆರಳು ಆನಿಸಿ ನಿಧಾನಕ್ಕೆ ಕತ್ತಿ ಎಳೆದ. ನೊರೆ ಹೋಯಿತು, ಬಲೂನು ಉಳಿಯಿತು.

ಬಾಮೈದ ಗಡ್ಡದ ರಬ್ಬರ್ ಬ್ಯಾಂಡ್ ಕಿತ್ತೆಸೆದ. "ನಡೀರಿ ಭಾವ, ಅಂಗಡಿ ಬಾಗಿಲು ತೆಗೀರಿ."

ಧೂಳು ಹೊಡೆದು, ಕುರ್ಚಿ ಒರೆಸಿ, ಅವನನ್ನು ಕೂರಿಸಿದ್ದಾಯಿತು. ಮೆತ್ತಗೈ ಕತ್ತರಿಯಲ್ಲಿ ಗಡ್ಡ ಇಳಿಸಿ, ನೊರೆ ಹಚ್ಚಿ, ಕತ್ತಿ ತೆಗೆದುಕೊಂಡ. ರಾಜಕೀಯವಿಲ್ಲ, ಒಂದೂ ಮಾತಿಲ್ಲ. ಮಾತಿಲ್ಲದ ಮೆತ್ತಗೈಯನ್ನು ಕಂಡು ಬಾಮೈದನಿಗೆ ಮೊದಲ ಸಲ ಜೀವಭಯ ಹುಟ್ಟಿತಂತೆ. "ಏನಾದ್ರೂ ಮಾತಾಡಿ ಭಾವ!" ಎಂದು ನೊರೆಯೊಳಗಿಂದ ಅಂಗಲಾಚಿದ. ಗದ್ದದ ಕೆಳಗೆ ಒಂದು ಕಡೆ ಕತ್ತಿ ತಾಗಿ ಸಣ್ಣಗೆ ರಕ್ತ ಕಂಡಿತು. ಮೆತ್ತಗೈಯ ಮುಖ ಸಪ್ಪಗಾಯಿತು.

"ಅದು ಮೊಡವೆ ಭಾವ, ಮೊದಲೇ ಇತ್ತು" ಎಂದ ಬಾಮೈದ.

"ನಿನ್ನ ವಯಸ್ಸಿಗೆ ಮೊಡವೆಯಾ?"

"ಗಡ್ಡದೊಳಗೆ ಏನೇನಿತ್ತೋ ಯಾರಿಗೆ ಗೊತ್ತು!"

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ ಅವನು ಉಳಿದ ಕೆನ್ನೆಯನ್ನು ಮುಗಿಸಿದ.

ಮೆತ್ತಗೈ ಈಗ ಮೊದಲಿನಷ್ಟು ಬೇಗ ಕೆಲಸ ಮಾಡಲಾರ. ಹೆಬ್ಬೆರಳು ಪೂರ್ತಿ ಮಡಿಸಲು ಬರುವುದಿಲ್ಲ. ಅವಸರದವರು ಪಕ್ಕದ ಬೀದಿಗೆ ಹೋಗುತ್ತಾರೆ, ಅವನಿಗೂ ಬೇಸರವಿಲ್ಲ. ಅಂಗಡಿಯ ಕನ್ನಡಿಯ ಮುಂದೆ ನಿಂತಿರುವ ಲಾರಿಯ ಬಗ್ಗೆ ಗಿರಾಕಿಗಳೆಲ್ಲ ಏನಾದರೊಂದು ಹೇಳುತ್ತಾರೆ.

ಮಗಳು ಮೊನ್ನೆ ಇನ್ನೊಂದು ಡಬ್ಬ ತಂದಳು, ಯುದ್ಧಕಾಲದ ಮೋಟಾರ್ ಸೈಕಲ್ಲು. ಅದನ್ನು ಹೆಂಡತಿ ಯಾರನ್ನೂ ಕೇಳದೆ ಬಿಚ್ಚಿಕೊಂಡು ಕೂತಿದ್ದಾಳೆ. ಇಸ್ತ್ರಿ ಬಟ್ಟೆಯ ರಾಶಿ ಒಂದು ಪಕ್ಕ, ಚೂರುಗಳು ಇನ್ನೊಂದು ಪಕ್ಕ. ಮೆತ್ತಗೈ ಅವಳ ಭುಜದ ಹಿಂದೆ ನಿಂತು, "ಮೊದಲು ಹ್ಯಾಂಡಲ್ ಅಂಟಿಸಬಾರದು ಕಣೇ, ಚಕ್ರ..." ಎಂದು ಶುರುಮಾಡಿದ.

ಅವಳು ತಲೆ ಎತ್ತಲಿಲ್ಲ. "ನೀವು ಅಂಗಡಿಗೆ ಹೋಗ್ರೀ" ಎಂದಳು. "ಅಲ್ಲಿ ಯಾರಿಗಾದ್ರೂ ನೊರೆ ಹಚ್ಚಿ ಹೇಳಿ."