ಬೆರಳಲ್ಲಿ ತಿರುಗಿಸಿ ಬಿಟ್ಟ ನಟ್ಟು

ನಾನು ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನನ್ನ ಕಸುಬು ಕೇಳಿದವರು ನನ್ನನ್ನು ಭಾರಿ ಗಟ್ಟಿಗ ಅಂದುಕೊಳ್ಳುತ್ತಾರೆ. ಸಿಂದಗಿಯಲ್ಲಿ ನಮ್ಮ ಮನೆಯ ಮುಂದೆ ಒಂದು ತಗಡಿನ ಶೆಡ್ಡಿದೆ. ಅದರಲ್ಲಿ ಮೂವತ್ತು ವರ್ಷಗಳಿಂದ ಹಳೆಯ ವಿಲಾಯಿತಿ ಮೋಟಾರ್ ಸೈಕಲ್ಲುಗಳ ಎಂಜಿನ್ ಬಿಚ್ಚಿ ಕಟ್ಟುತ್ತಾ ಬಂದಿದ್ದೇನೆ. ಅಪ್ಪನಿಂದ ಬಂದ ಕೆಲಸ. ಆ ಗಾಡಿಗಳ ಸದ್ದು ಕೇಳಿದರೆ ಓಣಿಯ ಜನ ಬಾಗಿಲಿಗೆ ಬಂದು ನಿಲ್ಲುತ್ತಾರೆ, ವಯಸ್ಸಾದವರು ಮೀಸೆ ಮುಟ್ಟಿ ನೋಡಿಕೊಳ್ಳುತ್ತಾರೆ. ನನಗೆ ಮಾತ್ರ ಆ ಸದ್ದಿನೊಳಗೆ ಎಲ್ಲಿ ಏನು ಸಡಿಲವಾಗಿದೆಯೋ ಎಂಬ ಸಂಶಯವೇ ಕೇಳಿಸುತ್ತಿರುತ್ತದೆ. ಗಾಡಿ ಓಣಿ ದಾಟಿದ ಮೇಲೂ ನಾನು ಒಂದೊಂದೇ ನಟ್ಟನ್ನು ಮನಸ್ಸಿನಲ್ಲಿ ಎಣಿಸುತ್ತಾ ನಿಂತಿರುತ್ತೇನೆ. ಹೆಂಡತಿ ಇದನ್ನು ಜಪ ಎಂದು ನಗುತ್ತಾಳೆ.

ಬಸವನ ಬಾಗೇವಾಡಿಯ ಒಬ್ಬ ನಿವೃತ್ತ ಗಣಿತದ ಮಾಸ್ತರರು ಹೋದ ವರ್ಷ ಮಳೆಗಾಲಕ್ಕೆ ಮೊದಲು ತಮ್ಮ ತಂದೆಯ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ತಂದರು. ಒಂದೇ ಸಿಲಿಂಡರಿನ ಗಾಡಿ, ಬಲಗಾಲಿಗೆ ಗೇರು. ಎಷ್ಟೋ ವರ್ಷ ದನದ ಕೊಟ್ಟಿಗೆಯಲ್ಲಿ ನಿಂತು ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಮೇಲಿನಿಂದ ಡೀಸೆಲ್ ಹೊಯ್ದು ಹನ್ನೊಂದು ದಿನ ಕಾದ ಮೇಲೆ ಅದು ಕೂದಲೆಳೆಯಷ್ಟು ಅಲುಗಿತು. ಸವೆದ ಬುಶ್ಶುಗಳ ಬದಲಿಗೆ ಹೊಸ ಲೋಹದ ಬಳೆಗಳನ್ನು ನಾನೇ ಲೇಥಿನ ಮೇಲೆ ಕಡೆದೆ. ಕಾರ್ಬುರೇಟರ್ ಇರಲೇ ಇಲ್ಲ. ಅದಕ್ಕಾಗಿ ಇಂಡಿ ಊರಿನ ಗುಜರಿ ಅಂಗಡಿಗಳನ್ನೆಲ್ಲ ತಡಕಾಡಿ, ಕಡೆಗೆ ಹೊರ್ತಿಯ ಒಬ್ಬ ರೈತರ ಮನೆಯಲ್ಲಿ ಹಿಡಿದೆ. ಅವರು ಅದನ್ನು ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಒತ್ತಿಗೆ ಇಟ್ಟಿದ್ದರು.

ಮಾಸ್ತರರಿಗೆ ಇದ್ದದ್ದು ಒಂದೇ ಆಸೆ. ಮದುವೆಯಾದ ವರ್ಷ ಇದೇ ಗಾಡಿಯ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು, ದಸರೆಯ ಬನ್ನಿ ಕೊಡಲು ಮುದ್ದೇಬಿಹಾಳದ ಅವರ ತವರಿಗೆ ಹೋಗಿದ್ದರಂತೆ. ಇನ್ನೊಮ್ಮೆ ಹಾಗೇ ಹೋಗಬೇಕು. ವಿಜಯದಶಮಿಯ ಮಧ್ಯಾಹ್ನಕ್ಕೆ ಗಾಡಿ ಕೊಡುತ್ತೇನೆ ಎಂದು ನಾನು ಮಾತು ಕೊಟ್ಟೆ.

ಈ ಗಾಡಿಗಳಲ್ಲಿ ಎಣ್ಣೆ ಎಂಜಿನ್ನಿನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಸೀಟಿನ ಕೆಳಗೆ ಒಂದು ಬೇರೆ ಡಬ್ಬಿ ಇರುತ್ತದೆ, ಅಲ್ಲಿಂದ ಕೊಳವೆಯಲ್ಲಿ ಇಳಿದು ಬರುತ್ತದೆ. ಆ ಕೊಳವೆಯನ್ನು ಡಬ್ಬಿಗೆ ಹಿಡಿದಿಡುವುದು ಒಂದೇ ಒಂದು ನಟ್ಟು. ನವಮಿಯ ಸಂಜೆ ಎಲ್ಲ ಮುಗಿಸಿ ಎರಡು ಸಲ ಶುರು ಮಾಡಿ ನೋಡಿದ್ದೆ. ನಟ್ಟಿನ ಹತ್ತಿರ ಒಂದು ಹನಿ ಜಿನುಗಿದ್ದು ಕಂಡಿತು. ಕೊಳವೆ ಬಿಚ್ಚಿ, ಒಳಗಿನ ತಾಮ್ರದ ವಾಶರು ಬದಲಿಸಿ, ನಟ್ಟನ್ನು ಬೆರಳಿನಿಂದ ತಿರುಗಿಸಿ ಕೂರಿಸಿದೆ. ಇನ್ನು ಪಾನಾ ಹಾಕಿ ಬಿಗಿಯಬೇಕು, ಅಷ್ಟರಲ್ಲಿ ಹೆಂಡತಿ ಕುಂಕುಮದ ತಟ್ಟೆ ಹಿಡಿದು ಬಂದು ಆಯುಧಗಳ ಖಂಡೆ ಪೂಜೆಗೆ ಹೊತ್ತಾಯಿತು ಎಂದಳು. ಕೈಯಲ್ಲಿದ್ದ ಪಾನಾವನ್ನೂ ಉಳಿದ ಉಪಕರಣಗಳ ಜೊತೆ ಪೂಜೆಯ ಮಣೆಯ ಮೇಲೆ ಇಟ್ಟುಬಿಟ್ಟೆ.

ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟಳೆ. ಉಪಕರಣಗಳು ಮಣೆಯ ಮೇಲೆ ಹತ್ತಿ ಕುಂಕುಮ ಹಚ್ಚಿಸಿಕೊಂಡವೆಂದರೆ, ಮರುದಿನದ ಮಂಗಳಾರತಿ ಆಗುವ ತನಕ ಅವುಗಳನ್ನು ಯಾರೂ ಮುಟ್ಟುವಂತಿಲ್ಲ. ಈ ವಿಷಯದಲ್ಲಿ ನಾನು ಹೆಂಡತಿಯನ್ನು ಛೇಡಿಸುತ್ತಲೇ ಇರುತ್ತೇನೆ, ಆದರೆ ಮುಟ್ಟುವ ಧೈರ್ಯ ನನಗೂ ಇಲ್ಲ. ಅಪ್ಪ ಒಮ್ಮೆ ಹಾಗೆ ಮುಟ್ಟಿ ಬೆರಳು ಕಳೆದುಕೊಂಡರು ಎಂದು ಮನೆಯಲ್ಲಿ ಹೇಳುತ್ತಾರೆ. ಅವರ ಬೆರಳು ಹೋದದ್ದು ಯುಗಾದಿಯ ಹೊತ್ತಿಗೆ ಎಂದು ನನಗೆ ಚೆನ್ನಾಗಿ ನೆನಪಿದೆ. ಆದರೂ ಅಂಜುತ್ತೇನೆ. ಮಾಸ್ತರರು ಬರುವುದು ಮಧ್ಯಾಹ್ನ, ಬೆಳಿಗ್ಗೆ ಪೂಜೆ ಮುಗಿಸಿ ಬಿಗಿದರಾಯಿತು ಎಂದುಕೊಂಡು ಮಲಗಿದೆ.

ಮಾಸ್ತರರು ಮಧ್ಯಾಹ್ನದವರೆಗೆ ಕಾಯಲಿಲ್ಲ. ಮೊದಲ ಬಸ್ಸಿಗೇ ಬಂದಿಳಿದರು. ಹೊಸ ಅಂಗಿ, ಹಣೆಗೆ ಗಂಧ, ಹಬ್ಬಕ್ಕೆ ಬಂದ ಅಳಿಯನ ಕಳೆ. ಅವರನ್ನು ನೋಡಿ ನನಗೂ ಹುರುಪು ಬಂತು. ನಾವಿಬ್ಬರೂ ಸೇರಿ ಗಾಡಿ ಹೊರಗೆ ತಳ್ಳಿದೆವು, ಚೆಂಡುಹೂವಿನ ಹಾರ ಹಾಕಿದೆವು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಎರಡನೆಯ ಒದೆತಕ್ಕೆ ಎಂಜಿನ್ ಶುರುವಾಯಿತು. ಮಾಸ್ತರರ ಕಣ್ಣುಗಳು ತುಂಬಿಬಂದವು. ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಹೆಂಡತಿಯನ್ನು ಕೂರಿಸಿಕೊಳ್ಳಲು ಅವರ ಗಾಡಿ ಬಾಗೇವಾಡಿಯ ಕಡೆ ಹೋಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ನಾನು ಜಪ ಮರೆತೆ.

ಮುಕ್ಕಾಲು ಗಂಟೆ ಕಳೆದಿರಬೇಕು. ಹೆಂಡತಿ ಸ್ನಾನ ಮುಗಿಸಿ ಪೂಜೆಗೆ ಕುಳಿತಳು. ಮಣೆಯ ಮೇಲಿನ ಹಳೆಯ ಹೂ ತೆಗೆಯುತ್ತಾ ಒಂದು ಪಾನಾದ ಮೇಲೆ ಕೈ ನಿಲ್ಲಿಸಿದಳು.

“ಎಲ್ಲಾನೂ ಒರಸಿ ಇಟ್ಟೀರಿ, ಇದಕ್ಕಷ್ಟ ಎಣ್ಣಿ ಹಂಗ ಐತಲ್ರಿ.”

ಅದನ್ನು ಒರೆಸಿರಲಿಲ್ಲ, ಯಾಕೆಂದರೆ ಅದರ ಕೆಲಸ ಮುಗಿದಿರಲಿಲ್ಲ. ಆ ನಟ್ಟನ್ನು ಬೆರಳಿನಿಂದ ತಿರುಗಿಸಿದ್ದು, ಅದು ಅಲ್ಲಿಗೇ ನಿಂತದ್ದು, ಎಲ್ಲ ಕಣ್ಣ ಮುಂದೆ ಬಂತು. ಈ ಎಂಜಿನ್ನುಗಳು ನಡುಗುವ ನಡುಕಕ್ಕೆ ಬೆರಳಿನ ಬಿಗಿ ಎಷ್ಟು ಹೊತ್ತು ತಾಳುತ್ತದೆ? ನಟ್ಟು ಬಿಚ್ಚಿದರೆ ಎಣ್ಣೆ ಬರಿದಾಗುತ್ತದೆ. ಎಣ್ಣೆ ಇಲ್ಲದಿದ್ದರೆ ಎಂಜಿನ್ ಕಚ್ಚಿಕೊಂಡು ಹಿಂದಿನ ಚಕ್ರ ಓಡುತ್ತಿದ್ದ ಹಾಗೆಯೇ ಹಿಡಿದು ನಿಲ್ಲುತ್ತದೆ. ಸೋರಿದ ಎಣ್ಣೆ ಬೀಳುವುದೂ ಅದೇ ಚಕ್ರದ ಮೇಲೆ.

ಫೋನು ಮಾಡಿದೆ. ಗಂಟೆ ಬಾರಿಸಿ ಬಾರಿಸಿ ಕಟ್ಟಾಯಿತು. ಆ ಗಾಡಿಯ ಸದ್ದಿನಲ್ಲಿ ಅವರಿಗೆ ಫೋನು ಕೇಳಿಸುವುದು ಸಾಧ್ಯವೇ ಇರಲಿಲ್ಲ. ಅವರ ಮನೆಯವರ ನಂಬರು ನನ್ನಲ್ಲಿರಲಿಲ್ಲ. ದಾರಿಯಲ್ಲಿ ಯಾವ ಗ್ಯಾರೇಜಿಗೆ ಹೋದರೂ ಉಪಯೋಗವಿಲ್ಲ, ಈಗಿನ ಪಾನಾ ಆ ಕಾಲದ ಇಂಚಿನ ನಟ್ಟಿಗೆ ಕೂರುವುದಿಲ್ಲ. ಕೂರುವ ಪಾನಾ ಮಣೆಯ ಮೇಲಿತ್ತು, ಮಂಗಳಾರತಿ ಆಗಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ನಾನು ಕೈ ಚಾಚಲಿಲ್ಲ. ಹೆಂಡತಿ ನನ್ನ ಮುಖ ನೋಡಿ ಕೇಳಿದಳು, ಹೇಳಿದೆ. ಅವಳು ಪಾನಾ ಎತ್ತಿ, ಸೆರಗಿನಿಂದ ಕುಂಕುಮ ಒರೆಸಿ, ನನ್ನ ಕೈಗೆ ಒತ್ತಿದಳು.

“ಆ ಗಾಡಿ ಮ್ಯಾಲ ಹೆಣ್ಮಗಳು ಕೂಡೂದೈತಿ. ದೇವರಿಗೆ ನಾ ಹೇಳ್ಕೋತೇನಿ, ನೀವು ನಡೀರಿ.”

ನನ್ನ ಸಣ್ಣ ಗಾಡಿಯನ್ನು ನಾನು ನಲವತ್ತು ದಾಟಿಸುವವನಲ್ಲ. ಆ ದಿನ ಮುಳ್ಳು ಎಲ್ಲಿತ್ತೋ ನೋಡಲಿಲ್ಲ. ಊರು ದಾಟಿದ ಮೇಲೆ ಡಾಂಬರಿನ ಮೇಲೆ ಕಪ್ಪು ಹನಿಗಳನ್ನು ಹುಡುಕುತ್ತಾ ಹೋದೆ. ಒಮ್ಮೆ ಕಂಡಂತಾಗುತ್ತಿತ್ತು, ಒಮ್ಮೆ ಅದು ಯಾವುದೋ ಟ್ರ್ಯಾಕ್ಟರಿನದು ಅನ್ನಿಸುತ್ತಿತ್ತು. ಎರಡೂ ಬದಿಯ ತೊಗರಿ ಹೊಲಗಳ ನಡುವೆ, ಬದುವಿನಲ್ಲಿ ಬಿದ್ದಿರುವ ಮನುಷ್ಯನನ್ನು ಹುಡುಕುವವನ ಹಾಗೆ ನೋಡುತ್ತಿದ್ದೆ. ನಿಜಕ್ಕೂ ಅದನ್ನೇ ಹುಡುಕುತ್ತಿದ್ದೆ.

ದೇವರ ಹಿಪ್ಪರಗಿ ಬಿಟ್ಟು ಸ್ವಲ್ಪ ಮುಂದೆ ರಸ್ತೆಯ ಮೇಲೆ ಜನ ಗುಂಪುಗೂಡಿದ್ದರು. ನಡುವೆ ಕೆಂಪಗೆ ಹರಡಿತ್ತು. ನನ್ನ ಕೈ ಬ್ರೇಕು ಹಿಡಿಯಲಿಲ್ಲ, ಗಾಡಿ ತಾನೇ ಉರುಳುತ್ತಾ ಹೋಗಿ ಪಕ್ಕದ ಮಣ್ಣಿನಲ್ಲಿ ನಿಂತಿತು. ಮಾಸ್ತರರ ಮನೆಯವರಿಗೆ ಏನು ಹೇಳುವುದು ಎಂದು ಮಾತು ಜೋಡಿಸತೊಡಗಿದ್ದೆ. ಆಗ ಗುಂಪು ಸರಿಯಿತು. ಲಾರಿಯೊಂದಕ್ಕೆ ಪೂಜೆ ಮಾಡಿ, ಕುಂಕುಮ ತುಂಬಿದ ಕುಂಬಳಕಾಯಿ ಒಡೆದಿದ್ದರು. ಯಾರೋ ನನ್ನ ಕೈಗೂ ಒಂದು ಚೂರು ಕೊಬ್ಬರಿ ಕೊಟ್ಟರು. ಹಳೆಯ ಗಾಡಿ ಹೋಯಿತೇನು ಎಂದು ಕೇಳಿದರೆ, ಹೋಯಿತು, ಸದ್ದು ಭಾರಿ ಇತ್ತು ಎಂದರು. ಕೊಬ್ಬರಿಯನ್ನು ಬಾಯಿಗೆ ಹಾಕಿಕೊಂಡೆನೋ ಬಿಸಾಡಿದೆನೋ ನೆನಪಿಲ್ಲ.

ಬಾಗೇವಾಡಿಯಲ್ಲಿ ಅವರ ಮನೆ ಮುಂದೆ ಗಾಡಿ ನಿಂತಿತ್ತು. ಮಾಸ್ತರರು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಅವರ ಮನೆಯವರು ಇಳಕಲ್ ಸೀರೆಯುಟ್ಟು, ಕೈಚೀಲ ಹಿಡಿದು, ಹೊರಡಲು ತಯಾರಾಗಿ ನಿಂತಿದ್ದರು. ಅವರ ಕಾಲ ಬಳಿಯೇ ನೆಲದ ಮೇಲೆ ಎಣ್ಣೆ ಮಡುಗಟ್ಟಿತ್ತು. ಹಿಂದಿನ ಟೈರಿನ ಒಂದು ಬದಿ ಮಿರಮಿರ ಮಿಂಚುತ್ತಿತ್ತು. ಮಂಡಿಯೂರಿ ನಟ್ಟು ಮುಟ್ಟಿದೆ, ಬೆರಳಿಗೇ ತಿರುಗಿತು. ಇನ್ನೆರಡು ಸುತ್ತು ಬಿಚ್ಚಿದ್ದರೆ ಕಳಚಿ ಬೀಳುತ್ತಿತ್ತು, ಅಷ್ಟೇ.

ಏನು ಮಿಸ್ತ್ರಿ, ಬನ್ನಿ ಕೊಡಲು ಇಷ್ಟು ದೂರ ಬಂದಿರಾ ಎಂದು ಮಾಸ್ತರರು ನಕ್ಕರು. ಹೌದೆನ್ನಬಹುದಿತ್ತು. ಒಂದು ಸಲ ಪರೀಕ್ಷೆ ಮಾಡೋಣ ಎಂದು ಬಂದೆ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಆ ತಾಯಿಯ ಹಸಿರು ಬಳೆಗಳು ಕಾಣುತ್ತಿದ್ದವು, ಸುಳ್ಳು ಹೇಳಲಾಗಲಿಲ್ಲ. ಪೂಜೆ, ಮಣೆ, ಪಾನಾ ಎಲ್ಲ ಹೇಳಿದೆ. ಹೇಳುತ್ತಲೇ ನಟ್ಟು ಬಿಗಿದೆ, ಟೈರು ಸೀಮೆಎಣ್ಣೆಯಿಂದ ಒರೆಸಿದೆ, ಮಾಸ್ತರರು ಮೊದಲೇ ತಂದಿಟ್ಟಿದ್ದ ಡಬ್ಬಿಯಿಂದ ಎಣ್ಣೆ ತುಂಬಿದೆ.

ಮಾಸ್ತರರ ಮನೆಯವರು ಚೀಲವನ್ನು ಹೆಗಲಿಗೆ ಏರಿಸಿ, ತಾನು ಬಸ್ಸಿಗೆ ಹೋಗುತ್ತೇನೆ ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಮಾಸ್ತರರು ಖಾಲಿ ಕಪ್ಪು ಹಿಡಿದುಕೊಂಡೇ ನಿಂತರು. ಈಗ ಏನೂ ಆಗುವುದಿಲ್ಲ ಅಕ್ಕಾರ, ನನ್ನ ಮೇಲೆ ನಂಬಿಕೆ ಇಡಿರಿ ಎಂದೆ. ಯಾವ ಮುಖ ಇಟ್ಟುಕೊಂಡು ಹಾಗೆಂದೆನೋ.

“ಹಂಗಾದ್ರ ಮೊದಲ ನೀವು ಹಿಂದ ಕೂತು ಹೋಗಿ ಬರ್ರಿ,” ಎಂದರು ಅವರು.

ನಾನು ಕಟ್ಟಿದ ಗಾಡಿಗಳ ಮೇಲೆ ನಾನು ಕೂರುವುದಿಲ್ಲ. ಸ್ಟ್ಯಾಂಡಿನ ಮೇಲೆಯೇ ನಿಲ್ಲಿಸಿ ಪರೀಕ್ಷಿಸುತ್ತೇನೆ, ಮೊದಲ ಸವಾರಿ ಮಾಲಕರದೇ ಆಗಬೇಕು ಎಂದು ದೊಡ್ಡ ಮಾತಾಡಿ ಜಾರಿಕೊಳ್ಳುತ್ತೇನೆ. ಯಾರೂ ಇದುವರೆಗೆ ಅದನ್ನು ಹಿಡಿದಿರಲಿಲ್ಲ. ಈ ತಾಯಿ ಏನೂ ಗೊತ್ತಿಲ್ಲದೆಯೇ ಹಿಡಿದರು. ಬೇರೆ ದಾರಿ ಇರಲಿಲ್ಲ, ಹತ್ತಿ ಕುಳಿತೆ.

ಮಾಸ್ತರರು ಮುಳವಾಡದ ರಸ್ತೆಗೆ ಬಿಟ್ಟರು. ಒಂದು ಕೈಯಲ್ಲಿ ಅವರ ಅಂಗಿ ಹಿಡಿದಿದ್ದೆ, ಇನ್ನೊಂದು ಕೈ ಸೀಟಿನ ಕೆಳಗೆ ನಟ್ಟನ್ನು ತಡಕುತ್ತಲೇ ಇತ್ತು. ಪ್ರತಿ ಉಬ್ಬಿಗೂ ಎಂಜಿನ್ನಿನ ಸದ್ದು ಬದಲಾದಂತೆ ಕೇಳುತ್ತಿತ್ತು. ನಟ್ಟು ಸರಿ, ಬುಶ್ಶು? ಬುಶ್ಶು ಸರಿ, ಪಿಸ್ಟನ್ನಿನ ಪಿನ್ನು? ಎಲ್ಲವನ್ನೂ ನಾನೇ ಮಾಡಿದ್ದು, ಅದೇ ನನ್ನ ದಿಗಿಲು. ಮೂವತ್ತು ವರ್ಷದಿಂದ ಎಷ್ಟೋ ಮಂದಿ, ಅವರ ಹೆಂಡಿರು ಮಕ್ಕಳು, ನನ್ನ ಕೈಯ ಮೇಲೆ ಹೀಗೆ ಕುಳಿತು ಹೋಗಿದ್ದರು. ನಾನು ಶೆಡ್ಡಿನಲ್ಲಿ ಕುಳಿತು ಮನಸ್ಸಿನಲ್ಲಿ ಎಣಿಸಿದ್ದೆ. ನನಗೆ ತುಂಬ ನಾಚಿಕೆಯಾಯಿತು. ಮಾಸ್ತರರು ಹಿಂದೆ ತಿರುಗಿ, ಅಂಗಿ ಹರಿಯುತ್ತದೆ, ಸ್ವಲ್ಪ ಸಡಿಲ ಹಿಡಿಯಿರಿ ಎಂದರು.

ಮರಳಿ ಬಂದು ಇಳಿದಾಗ ಗೋಡೆ ಹಿಡಿದು ನಿಲ್ಲಬೇಕಾಯಿತು. ಆ ತಾಯಿ ನನ್ನನ್ನು ಬಹಳ ಹೊತ್ತು ನೋಡಿದರು, ನೆಲವನ್ನೂ ಒಮ್ಮೆ ನೋಡಿದರು. ಹೊಸ ಹನಿ ಬಿದ್ದಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಗಂಡನ ಹೆಗಲ ಮೇಲೆ ಕೈಯಿಟ್ಟು ಹತ್ತಿ ಕುಳಿತರು. ಊರು ಮುಟ್ಟಿದ ಕೂಡಲೇ ಫೋನು ಮಾಡಿರಿ ಎಂದೆ. ಹೋದರು.

ನಾನು ಮನೆಗೆ ಹೋಗಲಿಲ್ಲ. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತೆ. ಹೆಂಡತಿಗೆ ಫೋನು ಮಾಡಿದರೆ, ಪೂಜೆ ಮುಗಿಸಿದ್ದೇನೆ, ಅವರು ಊರು ಮುಟ್ಟಿದ ಮೇಲೆ ಹೇಳಿ, ಅಲ್ಲಿಯವರೆಗೆ ಊಟ ಮಾಡುವುದಿಲ್ಲ ಎಂದಳು. ಮುದ್ದೇಬಿಹಾಳಕ್ಕೆ ಒಂದು ಗಂಟೆಯ ದಾರಿ. ಎರಡು ಗಂಟೆ ಆಯಿತು. ನಾಲ್ಕು ಚಹಾ ಆದವು. ಆ ಕಡೆಯಿಂದ ಬಂದ ಪ್ರತಿ ಬಸ್ಸಿನಿಂದ ಇಳಿದವರ ಮುಖ ನೋಡುತ್ತಿದ್ದೆ, ದಾರಿಯಲ್ಲಿ ಏನಾದರೂ ಕಂಡವರ ಮುಖ ಬೇರೆಯೇ ಇರುತ್ತದೆ ಎಂದು.

ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಎತ್ತಲು ಧೈರ್ಯವಾಗಲಿಲ್ಲ. ಇನ್ನೇನು ನಿಲ್ಲುತ್ತದೆ ಎನ್ನುವಾಗ ಎತ್ತಿದೆ. ಆ ತಾಯಿಯ ದನಿ. ಊರು ಮುಟ್ಟಿದೆವು, ದಾರಿಯಲ್ಲಿ ನೆಂಟರ ಮನೆಯಲ್ಲಿ ಬನ್ನಿ ಕೊಟ್ಟು ಬಂದದ್ದಕ್ಕೆ ತಡವಾಯಿತು ಎಂದರು. ಅಷ್ಟೆಲ್ಲ ಕೇಳಿದ ಮೇಲೂ ಯಾಕೆ ಕುಳಿತಿರಿ ಎಂದು ಕೇಳಿಬಿಟ್ಟೆ.

“ಹೋಗೂವಾಗೂ ನಿಮ್ಮ ಕೈ ನಡಗತಿದ್ವು, ಬಂದ ಮ್ಯಾಲೂ ನಡಗತಿದ್ವು. ಇಷ್ಟು ಅಂಜೋ ಮನಷ್ಯಾ ಇನ್ನೊಮ್ಮೆ ಸಡ್ಲ ಬಿಡಂಗಿಲ್ಲ ಅಂತ ಕೂತ್ನಿ.”

ಫೋನು ಇಟ್ಟ ಮೇಲೆ ಆ ಬೆಂಚಿನ ಮೇಲೆ ಕುಳಿತು ಎಲ್ಲರೆದುರು ಅತ್ತೆ. ಚಹಾದಂಗಡಿಯವನು ಗಾಬರಿಯಾಗಿ ಹತ್ತಿರ ಬಂದು, ಏನಾಯಿತು, ಯಾರಿಗೇನಾಯಿತು ಎಂದು ಕೇಳಿದ. ಯಾರೂ ಬಿದ್ದಿಲ್ಲ ಎಂದೆ.