ಇಟಲಿ ಅಕ್ಕ ಕಲಿಸಿದ ಚಾವ್

ಹೋದ ವಾರ ಹುಣಸೂರಿನ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುತ್ತಾ ಕೂತಿದ್ದೆ. ಕೆಲಸದವಳೊಬ್ಬಳು ನಿಂಬೆಹುಲ್ಲಿನ ಎಣ್ಣೆ ಬೆರೆಸಿದ ನೀರಿನಲ್ಲಿ ನೆಲ ಒರೆಸತೊಡಗಿದಳು. ಎಷ್ಟು ಘಮ್ಮೆನ್ನುತ್ತದೆ ಎಂದರು ಪಕ್ಕದವರು. ನಾನು ಎದ್ದೆ. ಹೊರಗೆ ಹೋಗಿ ಚರಂಡಿಯ ಪಕ್ಕ ನಿಂತೆ. ಆ ವಾಸನೆಗಿಂತ ಚರಂಡಿಯೇ ವಾಸಿ ಅನ್ನಿಸಿತು.

ಎಂಟು ವರ್ಷದ ಕೆಳಗೆ ನಾನು ಎಚ್.ಡಿ. ಕೋಟೆ ಕಡೆ, ಹಿನ್ನೀರಿನ ದಂಡೆಯ ಒಂದು ರೆಸಾರ್ಟಿನ ರಿಸೆಪ್ಷನ್ನಿನಲ್ಲಿದ್ದೆ. ಇಟಲಿಯಿಂದ ವಯಸ್ಸಾದ ಪ್ರವಾಸಿಗಳ ಒಂದು ತಂಡ ಬರುವುದಿತ್ತು. ಕೆಲಸದವರೆಲ್ಲ ಅವರ ಭಾಷೆಯಲ್ಲೇ ನಮಸ್ಕಾರ ಹೇಳಬೇಕೆಂಬ ಹುಕಿ ಮ್ಯಾನೇಜರಿಗೆ ಬಂತು. ಎಲ್ಲೆಲ್ಲೋ ವಿಚಾರಿಸಿ, ಬೆಟ್ಟದಪುರದ ಹತ್ತಿರದ ಹಳ್ಳಿಯಿಂದ ಒಬ್ಬರನ್ನು ಕರೆಸಿದರು. ನಾವು ಅವರನ್ನು ಇಟಲಿ ಅಕ್ಕ ಎಂದೇ ಕರೆದೆವು. ಹನ್ನೊಂದು ವರ್ಷ ಇಟಲಿಯಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಂಡಿದ್ದು, ಆಕೆ ತೀರಿಕೊಂಡ ಮೇಲೆ ಊರಿಗೆ ಬಂದು ತಮ್ಮನ ಮನೆಯಲ್ಲಿದ್ದರು. ಅದು ಹೊಗೆಸೊಪ್ಪಿನ ಎಲೆಯನ್ನು ಕೋಲಿಗೆ ಕಟ್ಟಿ, ಬಿಸಿ ಗೂಡಿನಲ್ಲಿ ಬೇಯಿಸುವ ಕಾಲ. ಬೆಳಿಗ್ಗೆ ಎಲೆ ಕಟ್ಟಿಕೊಟ್ಟು, ಹುಣಸೂರಿನಲ್ಲಿ ಬಸ್ಸು ಬದಲಾಯಿಸಿ, ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು ನಮ್ಮ ಜೀಪಿಗೆ ಕಾಯುತ್ತಿದ್ದರು. ಎಷ್ಟು ತೊಳೆದರೂ ಅವರ ಬೆರಳಲ್ಲಿ ಎಲೆಯ ಅಂಟು ಕಪ್ಪಗೆ ಉಳಿದಿರುತ್ತಿತ್ತು.

ಊಟದ ಕೋಣೆಯ ಹಿಂದೆ ಪಾಠ. "ಚಾವ್" ಎಂದರೆ ನಮಸ್ಕಾರ, ಹೊರಡುವಾಗಲೂ ಅದೇ. "ಕೋಮೆ ಸ್ತಾಯ್?" ಎಂದರೆ ಹೇಗಿದ್ದೀಯ. "ಬೆನೆ, ಎ ತು?" ಎಂದರೆ ಚೆನ್ನಾಗಿದ್ದೀನಿ, ನೀನು? ವಯನಾಡಿನ ನಮ್ಮ ಅಡುಗೆಯವನು ಚಾವ್ ಎನ್ನಲು ಒಪ್ಪಲೇ ಇಲ್ಲ. ಮಲಯಾಳದಲ್ಲಿ ಚಾವ್ ಎಂದರೆ ಸಾವು ಅಂತೆ. ನಕ್ಕು ನಕ್ಕು ಸಾಕಾಯಿತು. ಅಕ್ಕ ಅವನಿಗೆ "ಬ್ವೊನ್ ಜೋರ್ನೊ" ಕಲಿಸಿದರು. ಹೊಸಬರಿಗೆ ಎಲ್ಲರೂ ಅದನ್ನೇ ಹೇಳಬೇಕು, ಚಾವ್ ಸಲಿಗೆಯವರಿಗೆ ಮಾತ್ರ ಎಂದರು. ಮ್ಯಾನೇಜರ್ ಒಪ್ಪಲಿಲ್ಲ. ರೆಸಾರ್ಟಿನ ಜಾಹೀರಾತಿಗೆ ತೆಗೆಯುವ ವಿಡಿಯೋಗೆ ಚಾವ್ ಚೆನ್ನ ಎಂದರು.

"ಮೊಕಾನೇ ನೋಡ್ದೇ ಇರೋ ಮುದುಕರ್ನ 'ಏನ್ಲಾ, ಎಂಗಿದ್ದೀಯ' ಅಂದಂಗಾಯ್ತದೆ ಕಣ್ರೀ," ಎಂದರು ಅಕ್ಕ. ಮ್ಯಾನೇಜರ್ ಫೋನಿನಿಂದ ತಲೆ ಎತ್ತಲಿಲ್ಲ.

ಇಟಲಿಯಲ್ಲಿ ನೋಡಿಕೊಂಡಿದ್ದ ಆ ಮುದುಕಿಯನ್ನು ಅಕ್ಕ ಎರಡು ವರ್ಷ 'ನೀವು' ಎಂದೇ ಮಾತಾಡಿಸಿದ್ದರಂತೆ. ಒಂದು ಬೆಳಿಗ್ಗೆ ತಲೆ ಬಾಚುತ್ತಿದ್ದಾಗ, ಇನ್ನು ಮೇಲೆ ನನ್ನನ್ನು 'ನೀನು' ಅನ್ನು ಎಂದಳಂತೆ. ಅಕ್ಕ ಅಡುಗೆಮನೆಗೆ ಹೋಗಿ ಅತ್ತರಂತೆ. ಯಾಕೆ ಅತ್ತಿರಿ ಎಂದು ಕೇಳಬೇಕಿತ್ತು… ಕೇಳಲಿಲ್ಲ.

ತಂಡ ಬಂತು. ಸಾಲಾಗಿ ನಿಂತು ಒಂದೇ ದನಿಯಲ್ಲಿ ಚಾವ್ ಎಂದೆವು. ಕೆಲವರು ಬೆಚ್ಚಿ, ಆಮೇಲೆ ನಕ್ಕರು. ಕೋಲೂರಿಕೊಂಡಿದ್ದ ಒಬ್ಬ ಅಜ್ಜಿ ಏನೋ ಕೇಳಿದರು. ನಮಗೆ ಯಾರಿಗೂ ತಿಳಿಯಲಿಲ್ಲ. ಮೂಲೆಯಲ್ಲಿ ನಿಂತಿದ್ದ ಅಕ್ಕ ಮುಂದೆ ಬಂದು ಉತ್ತರ ಕೊಟ್ಟರು. ಅಜ್ಜಿ ಅಕ್ಕನ ಕೈ ಹಿಡಿದು ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂರಿಸಿಕೊಂಡರು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಅಕ್ಕನ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

ಅತಿಥಿಗಳು ರೂಮಿಗೆ ಹೋದರು. ಅಕ್ಕ ಕೂತೇ ಇದ್ದರು, ಏನೋ ನೆನೆಯುತ್ತಾ… ಮ್ಯಾನೇಜರ್ ಬಂದರು.

"ಇದು ಗೆಸ್ಟ್ ಕೂರೋ ಜಾಗ. ಹೊಗೆಸೊಪ್ಪು ನಾರ್ತಾ ಇದೆ."

ಅಕ್ಕ ಎದ್ದು ನಿಂತರು. ಅತಿಥಿಗಳ ಮುಖಕ್ಕೆಂದು ನಿಂಬೆಹುಲ್ಲಿನ ನೀರಲ್ಲಿ ನೆನೆಸಿದ್ದ ಬಟ್ಟೆಗಳ ಬುಟ್ಟಿ ನನ್ನ ಕೈಯಲ್ಲಿತ್ತು. ಮ್ಯಾನೇಜರ್ ಅದನ್ನು ತೋರಿಸಿ, ಕುರ್ಚಿ ಒರೆಸು ಎಂದರು ನನಗೆ.

ಒರೆಸಿದೆ. ಅಕ್ಕ ಎರಡಡಿ ದೂರದಲ್ಲಿ ನಿಂತು ನೋಡುತ್ತಿದ್ದಾಗಲೇ ಒರೆಸಿದೆ. ಅವರು ಬೆನ್ನು ಒರಗಿಸಿದ್ದ ಕಡೆ, ಕೈ ಇಟ್ಟಿದ್ದ ಕಡೆ. ಇನ್ನೊಂದು ಸಲ ಎಂದರು ಮ್ಯಾನೇಜರ್. ಇನ್ನೊಂದು ಸಲ ಒರೆಸಿದೆ. ನನ್ನ ಬಾಯಿಯನ್ನು ಯಾರೂ ಕಟ್ಟಿರಲಿಲ್ಲ.

"ಒರ್ಸವ್ವ, ನಿನ್ ಕೆಲ್ಸ ನೀ ಮಾಡು," ಎಂದರು ಅಕ್ಕ. ಚೀಲ ಎತ್ತಿಕೊಂಡು ಗೇಟಿನ ಕಡೆ ನಡೆದರು. ಅವತ್ತು ಅವರಿಗೆ ಜೀಪು ಕಳಿಸಲಿಲ್ಲ.

ಆ ಮನುಷ್ಯನನ್ನು ನೆನೆದರೆ ಈಗಲೂ ವಾಕರಿಕೆ ಬರುತ್ತದೆ. ನನ್ನನ್ನು ನೆನೆದರೆ ಅದಕ್ಕಿಂತ ಹೇಸಿಗೆ. ವಿಡಿಯೋದಲ್ಲಿ ನಿನ್ನ ನಗು ಚೆನ್ನಾಗಿ ಬಂದಿದೆ ಎಂದು ಅವತ್ತು ಸಂಜೆ ಮ್ಯಾನೇಜರ್ ಹೊಗಳಿದರೆ, ಥ್ಯಾಂಕ್ಸ್ ಸರ್ ಎಂದವಳು ನಾನು. ಕೆಲಸ ಬಿಡಲೂ ಇಲ್ಲ. ಇನ್ನೂ ಒಂದು ವರ್ಷ ಅಲ್ಲೇ ಇದ್ದೆ.

ಹೋದ ವಾರ ಕ್ಲಿನಿಕ್ಕಿನಿಂದ, ಡಾಕ್ಟರಿಗೆ ಹಲ್ಲು ತೋರಿಸದೆ ಬೆಟ್ಟದಪುರದ ಬಸ್ಸು ಹತ್ತಿಬಿಟ್ಟೆ. ಕಾಲಿಗೆ ಬಿದ್ದಾದರೂ ತಪ್ಪಾಯಿತು ಎನ್ನಬೇಕೆಂದಿದ್ದೆ. ಕೇಳಿಕೊಂಡು ಅವರ ಮನೆಗೆ ಹೋದರೆ, ತಮ್ಮನ ಹೆಂಡತಿ ಇದ್ದಳು. ಅಕ್ಕ ತೀರಿಕೊಂಡು ಎರಡು ವರ್ಷವಾಯಿತು ಎಂದಳು. ನಾನು ಜಗುಲಿಯ ಮೇಲೆ ಕೂತೆ. ಹಿಂದೆ ಅಕ್ಕನ ಹತ್ತಿರ ಇಟಲಿಯ ಮಾತು ಕಲಿತವಳು ಎಂದಷ್ಟೇ ಹೇಳಿದೆ. ಆಕೆಗೆ ಸಂತೋಷವಾಯಿತು. ಅಕ್ಕ ರೆಸಾರ್ಟಿಗೆ ಹೋಗುವುದು ಬಿಟ್ಟ ಮೇಲೆ ಹೈಸ್ಕೂಲಿನವರು ಮಕ್ಕಳಿಗೆ ಆ ಭಾಷೆ ಕಲಿಸಿ ಎಂದು ಬಂದಿದ್ದರಂತೆ. ಇಟಲಿಗೆ ಹೊರಟ ನರ್ಸ್ ಹುಡುಗಿಯೊಬ್ಬಳೂ ಬಂದಿದ್ದಳಂತೆ. ಎಲ್ಲ ಮರೆತುಹೋಗಿದೆ ಎಂದು ಅಕ್ಕ ಎಲ್ಲರನ್ನೂ ವಾಪಸು ಕಳಿಸಿದರಂತೆ.

"ಅಷ್ಟ್ ವರ್ಸ ಆಡಿದ್ ಮಾತು ಎಂಗವ್ವ ಮರ್ತೋಯ್ತದೆ? ನಿಂಗೇನಾರ ಗೊತ್ತಾ?"

ಗೊತ್ತಿಲ್ಲ ಎಂದೆ. ಆಕೆ ಒಳಗೆ ಹೋಗಿ ಕಾಫಿ ತಂದುಕೊಟ್ಟಳು. ಅದನ್ನೂ ಕುಡಿದು ಬಂದೆ.